ಅಡ್ಮಿನ್ ಅಂದ್ರೆ ಯಾರು ಅಣ್ಣಾ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಐಟಿ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮ ಹುಡುಗ ಹುಡುಗೀರು ಮಾತ್ರ ದಯವಿಟ್ಟು ಕೊನೇವರೆಗೂ ಓದಿ. ಇದು ನಿಮಗೆ ಅಂತಲೇ ಬರೆದದ್ದು. ನನಗೂ ಬರ್ಕೊಂಡಿದ್ದು.

ಎರಡು ವರ್ಷದ ಹಿಂದಿನ ಮಾತು. ಸ್ಕಾಲರ್‌ಶಿಪ್ ಅರ್ಜಿ ಹಾಕೋ ಸೀಸನ್. ನಾವು ಒಂದಷ್ಟು ಜನ ಪ್ರತಿ ಭಾನುವಾರ ನಮ್ಮ ತಾಲ್ಲೂಕಿನ ಅಂಬೇಡ್ಕರ್ ಭವನದ ವರಾಂಡದಲ್ಲಿ ಎರಡು ಟೇಬಲ್, ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್ ಇಟ್ಕೊಂಡು ಕೂರ್ತೀವಿ. ಅರ್ಜಿ ತುಂಬಿ ಕೊಡ್ತೀವಿ, ದುಡ್ಡು ತಗೊಳ್ಳಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯೋ ಹೊತ್ತಿಗೇ ಮೆಟ್ಟಿಲ ಮೇಲೆ ತಾಯಂದಿರು, ಮಕ್ಕಳು ಕೂತಿರ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಕವರ್ ಒಳಗೆ ಆಧಾರ್, ಮಾರ್ಕ್ಸ್ ಕಾರ್ಡ್, ಜಾತಿ ಸರ್ಟಿಫಿಕೇಟ್, ಪಾಸ್‌ಬುಕ್. ಅವರ ಮನೇಲಿ ಇರೋ ಅತಿ ಜೋಪಾನದ ವಸ್ತು ಅದು. ಮಳೆ ಬಂದ್ರೆ ಸೆರಗಿನೊಳಗೆ ಸೇರೋದು ಮೊದಲು ಅದೇ.

ಅವತ್ತು ಒಂದು ಹುಡುಗಿ ಬಂದ್ಲು. ನಮ್ಮ ಪಕ್ಕದ ಕೇರಿಯವಳು, ಖಾಸಗಿ ಕಾಲೇಜಲ್ಲಿ ನರ್ಸಿಂಗ್ ಮೊದಲ ವರ್ಷ. ಅವ್ವ ಪೌರಕಾರ್ಮಿಕೆ, ಗುತ್ತಿಗೆ ಮೇಲೆ. ಅಪ್ಪ ಇಲ್ಲ. ಹುಡುಗಿ ಫೋನಲ್ಲಿ ಒಂದು ಸ್ಕ್ರೀನ್‌ಶಾಟ್ ತೋರಿಸಿದ್ಲು. ಕೆಂಪು ಅಕ್ಷರ, ಇಂಗ್ಲಿಷ್‌ನಲ್ಲಿ ಒಂದೇ ಸಾಲು: ಡೇಟಾ ಮಿಸ್‌ಮ್ಯಾಚ್, ಪ್ಲೀಸ್ ಕಾಂಟ್ಯಾಕ್ಟ್ ಅಡ್ಮಿನ್.

"ಅಣ್ಣಾ, ಅಡ್ಮಿನ್ ಅಂದ್ರೆ ಯಾರು? ಯಾವ ಆಫೀಸಲ್ಲಿ ಕೂತಿರ್ತಾರೆ? ನಾನೂ ಅವ್ವನೂ ಆರು ಕಡೆ ಹೋಗಿ ಬಂದ್ವಿ. ಎಲ್ರೂ ಅಡ್ಮಿನ್ ನಾವಲ್ಲ ಅಂತಾರೆ."

ನಾನು ನಕ್ಕುಬಿಟ್ಟೆ. ಆಮೇಲೆ ಅವಳ ಅವ್ವನ ಮುಖ ನೋಡಿದೆ. ಅದರಲ್ಲಿ ನಗು ಇರಲಿಲ್ಲ.

ಆರು ಕಡೆ ಯಾವುದು ಅಂತ ಕೇಳ್ದೆ. ಮೊದಲು ಅರ್ಜಿ ಹಾಕಿದ ಸೈಬರ್ ಸೆಂಟರ್. ಅವನು ಕಾಲೇಜಲ್ಲಿ ಕೇಳಿ ಅಂದ. ಕಾಲೇಜಿನ ಗುಮಾಸ್ತರು ನಮ್ಮ ಕಡೆ ಎಲ್ಲಾ ಸರಿ ಇದೆ, ಬ್ಯಾಂಕಲ್ಲಿ ಕೇಳಿ ಅಂದ್ರು. ಬ್ಯಾಂಕಲ್ಲಿ ಕೆವೈಸಿ ಸರಿ ಇದೆ, ಆಧಾರ್ ಸೆಂಟರ್‌ಗೆ ಹೋಗಿ ಅಂದ್ರು. ಆಧಾರ್ ಸೆಂಟರಲ್ಲಿ ಬೆಳಿಗ್ಗೆ ಆರಕ್ಕೆ ಹೋಗಿ ಟೋಕನ್ ತಗೊಂಡ್ರು. ಅಲ್ಲಿ ಕಾರ್ಡಲ್ಲಿ ಏನೂ ತಪ್ಪಿಲ್ಲ ಅಂದ್ರು. ಅಲ್ಲಿಂದ ಜಾತಿ ಸರ್ಟಿಫಿಕೇಟ್ ಕೊಡೋ ಕಚೇರಿ. ಆರ್‌ಡಿ ನಂಬರ್ ಹಾಕಿ ನೋಡಿ, ಚಾಲ್ತಿಯಲ್ಲಿದೆ, ಹೋಗಮ್ಮ ಅಂದ್ರು. ಕೊನೆಗೆ ಇಲಾಖೆಯ ತಾಲ್ಲೂಕು ಕಚೇರಿ. ಅಲ್ಲಿ ಇದು ಸರ್ವರ್ ಪ್ರಾಬ್ಲಂ, ವಾರ ಬಿಟ್ಟು ಟ್ರೈ ಮಾಡಿ ಅಂದ್ರು.

ಇದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ, ಗಮನಿಸಿ. ಒಬ್ಬೊಬ್ಬರ ಹತ್ತಿರ ಇದ್ದ ಕಾಗದ ಅವರವರ ಮಟ್ಟಿಗೆ ಸರಿಯಾಗೇ ಇತ್ತು. ಮಿಸ್‌ಮ್ಯಾಚ್ ಅಂದ್ರೆ ಎರಡರ ನಡುವೆ ಹೊಂದಾಣಿಕೆ ಇಲ್ಲ ಅಂತ. ಯಾವ ಎರಡರ ನಡುವೆ ಅಂತ ಹೇಳಬೇಕಾದ ಒಂದೇ ಒಂದು ಜಾಗ ಆ ಕೆಂಪು ಸಾಲು. ಅದು ಬಾಯಿ ಬಿಡಲಿಲ್ಲ.

ಆರು ಕಡೆ ಅಲೆದಾಡಿದ್ದಕ್ಕೆ ಅವ್ವನಿಗೆ ನಾಲ್ಕು ದಿನದ ಕೂಲಿ ಕಟ್. ಆದ್ರೆ ದೊಡ್ಡ ನಷ್ಟ ಬೇರೆಯೇ ಇತ್ತು. ಸೈಬರ್ ಸೆಂಟರ್‌ನವನು ಪಾಪ ಒಂದು ಊಹೆ ಮಾಡಿದ್ದ. ಆಧಾರ್‌ನಲ್ಲಿ ಹುಡುಗಿಯ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ ಇತ್ತು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್ ಇತ್ತು. "ಇದೇ ಇರ್ಬೇಕು, ಆಧಾರ್‌ನಲ್ಲಿ ಹೆಸರು ಬದಲಾಯಿಸಿಬಿಡಿ" ಅಂದಿದ್ದ. ಇವರು ಬದಲಾಯಿಸಿದ್ರು. ಆಮೇಲೂ ಅದೇ ಕೆಂಪು ಸಾಲು.

ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವಮಾನಕ್ಕೆ ಎರಡೇ ಅವಕಾಶ, ಹುಟ್ಟಿದ ತಾರೀಖು ತಿದ್ದೋಕೆ ಒಂದೇ. ಅದಕ್ಕಿಂತ ಹೆಚ್ಚಾದ್ರೆ ಪ್ರಾದೇಶಿಕ ಕಚೇರಿವರೆಗೂ ಓಡಬೇಕು. ಒಂದು ಅವಕಾಶ ಬರೀ ಊಹೆಗೆ ಹೋಯ್ತು. ಹದಿನೆಂಟು ವರ್ಷದ ಹುಡುಗಿ. ನಾಳೆ ಕೆಲಸ, ಮದುವೆ, ಪಾಸ್‌ಪೋರ್ಟ್ ಅಂತ ಇನ್ನೆಷ್ಟು ಸಲ ಹೆಸರಿನ ಕೆಲಸ ಬೀಳುತ್ತೋ ಏನೋ. ಅವಳ ಕೈಲಿ ಈಗ ಉಳಿದಿರೋದು ಒಂದೇ.

ಇನ್ನು ನನ್ನ ಕಥೆ ಸ್ವಲ್ಪ ಹೇಳಬೇಕು. ಸಂಘಟನೆಗೆ ಪೂರ್ತಿ ಬರೋದಕ್ಕೆ ಮೊದಲು ನಾನು ಬಿಸಿಎ ಮುಗಿಸಿ ಬೆಂಗಳೂರಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನು. ಬ್ರೌಸರ್‌ನಲ್ಲಿ ಎಫ್ 12 ಒತ್ತಿದ್ರೆ ಡೆವಲಪರ್ ಟೂಲ್ಸ್ ಅಂತ ತೆರೆದುಕೊಳ್ಳುತ್ತೆ. ಅದರಲ್ಲಿ ನೆಟ್‌ವರ್ಕ್ ಅನ್ನೋ ಭಾಗಕ್ಕೆ ಹೋದ್ರೆ ನಮ್ಮ ಕಂಪ್ಯೂಟರ್ ಸರ್ವರ್‌ಗೆ ಏನು ಕೇಳ್ತು, ಸರ್ವರ್ ಏನು ಉತ್ತರ ಕೊಡ್ತು ಅಂತ ನೋಡಬಹುದು. ಯಾವ ಕಳ್ಳ ದಾರಿಯೂ ಅಲ್ಲ, ನಮ್ಮ ಕಂಪ್ಯೂಟರಿಗೇ ಬಂದ ಉತ್ತರ ಅದು. ಹುಡುಗಿಯನ್ನ ಪಕ್ಕದಲ್ಲಿ ಕೂರಿಸ್ಕೊಂಡು ಅರ್ಜಿ ಮತ್ತೆ ಸಲ್ಲಿಸಿ, ಆ ಉತ್ತರ ತೆಗೆದು ನೋಡ್ದೆ.

ಅದರಲ್ಲಿ ಎಲ್ಲಾ ಇತ್ತು. ಜಾತಿ ಸರ್ಟಿಫಿಕೇಟಿನ ಹೆಸರಿಗೂ ಮಾರ್ಕ್ಸ್ ಕಾರ್ಡಿನ ಹೆಸರಿಗೂ ಹೊಂದ್ತಾ ಇಲ್ಲ ಅಂತ ಸ್ಪಷ್ಟವಾಗಿತ್ತು. ಎರಡೂ ಹೆಸರನ್ನ ಅಕ್ಕಪಕ್ಕ ಕೂಡ ಕೊಟ್ಟಿತ್ತು. ಕನ್ನಡದ 'ತ' ಅನ್ನೋ ಅಕ್ಷರಕ್ಕೆ ಇಂಗ್ಲಿಷ್‌ನಲ್ಲಿ ಒಬ್ಬರು ಬರೀ ಟಿ ಹಾಕ್ತಾರೆ, ಇನ್ನೊಬ್ಬರು ಟಿ ಜೊತೆ ಎಚ್ ಹಾಕ್ತಾರೆ. ಸರ್ಟಿಫಿಕೇಟ್ ಟೈಪ್ ಮಾಡಿದವರು ಎಚ್ ಬಿಟ್ಟಿದ್ರು. ಇಷ್ಟೇ ವಿಷಯ. ಆಧಾರ್‌ಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಸರ್ವರ್‌ಗೆ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಉತ್ತರ ಹುಡುಗಿಯ ಕಣ್ಣ ಮುಂದಿನ ಡಬ್ಬಿವರೆಗೂ ಬಂದಿತ್ತು. ಪರದೆಯ ಮೇಲೆ ಹಾಕೋದು ಬೇಡ ಅಂತ ಯಾರೋ ತೀರ್ಮಾನ ಮಾಡಿದ್ರು.

ಆ ಯಾರೋ ಯಾರು ಅಂತ ನನಗೆ ಚೆನ್ನಾಗಿ ಗೊತ್ತು ಬಂಧುಗಳೇ. ನನ್ನಂಥವನೇ. ಕಂಪನಿಯಲ್ಲಿದ್ದಾಗ ಹೊರದೇಶದ ಒಂದು ವಿಮೆ ಫಾರಂ ಕೆಲಸ ನನಗೆ ಕೊಟ್ಟಿದ್ರು. ಅದರಲ್ಲಿ ಹದಿನಾಲ್ಕು ತಪಾಸಣೆ. ಹದಿನಾಲ್ಕಕ್ಕೂ ಒಂದೇ ಕ್ಯಾಚ್ ಬ್ಲಾಕ್ ಬರೆದೆ. ಎಲ್ಲಿ ಏನು ತಪ್ಪಾದ್ರೂ ಬರೋದು ಒಂದೇ ಸಾಲು: ಸಮ್‌ಥಿಂಗ್ ವೆಂಟ್ ರಾಂಗ್, ಪ್ಲೀಸ್ ಟ್ರೈ ಅಗೈನ್ ಲೇಟರ್. ನಮ್ಮ ಲಾಗ್ ಫೈಲಲ್ಲಿ ಮಾತ್ರ ಪ್ರತಿಯೊಂದನ್ನೂ ವಿವರವಾಗಿ ಬರೆಸ್ಕೊಂಡಿದ್ದೆ, ಯಾಕಂದ್ರೆ ನಾಳೆ ರಿಪೇರಿ ಮಾಡಬೇಕಾದವನು ನಾನು. ನನಗೆ ಬೇಕಾದ ವಿವರ ನನಗೆ ಇಟ್ಕೊಂಡೆ. ಫಾರಂ ತುಂಬೋರ ವಿಚಾರ ತಲೆಗೇ ಬರಲಿಲ್ಲ. ಟೆಸ್ಟಿಂಗ್‌ನಲ್ಲೂ ಪಾಸ್ ಆಯ್ತು. ಟೆಸ್ಟ್ ಕೇಸಲ್ಲಿ ಬರೆದಿದ್ದು 'ತಪ್ಪು ಮಾಹಿತಿ ಕೊಟ್ಟರೆ ಎರರ್ ಮೆಸೇಜ್ ಬರಬೇಕು' ಅಂತ ಅಷ್ಟೇ. ಬಂತು. ಟಿಕ್ ಹಾಕಿದ್ರು. ಆ ಮೆಸೇಜ್ ಓದಿದ ಮನುಷ್ಯ ಮುಂದೇನು ಮಾಡಬೇಕು ಅಂತ ಯಾವ ಟೆಸ್ಟ್ ಕೇಸಲ್ಲೂ ಇರಲಿಲ್ಲ.

ಅವತ್ತು ಆ ವರಾಂಡದಲ್ಲಿ ಕೂತು ನಾನು ನೋಡಿದ್ದು ನನ್ನದೇ ಕೈಬರಹ.

ಈಗ ವಿಷಯಕ್ಕೆ ಬರ್ತೀನಿ. ಇದನ್ನ ಬರೀ ಟೆಕ್ನಿಕಲ್ ವಿಚಾರ ಅಂತ ಪಕ್ಕಕ್ಕೆ ತಳ್ಳಬೇಡಿ. ಕಾರಣ ಹೇಳದೆ ವಾಪಸ್ ಕಳಿಸೋದು ನಮಗೆ ಹೊಸದಾ? ನಮ್ಮ ತಾತಂದಿರು ಕಚೇರಿ ಬಾಗಿಲ ಹೊರಗೆ ನಿಂತು "ನಾಳೆ ಬಾ" ಅನ್ನಿಸ್ಕೊಂಡು ಬಂದವರು. ಯಾಕೆ ನಾಳೆ, ಏನು ಕಮ್ಮಿ ಇದೆ ಅಂತ ಯಾರೂ ಹೇಳ್ತಿರಲಿಲ್ಲ, ಕೇಳೋ ಧೈರ್ಯವೂ ಇರಲಿಲ್ಲ. ಆನ್‌ಲೈನ್ ಬಂದಾಗ ನಾನು ನಿಜಕ್ಕೂ ಖುಷಿಪಟ್ಟಿದ್ದೆ. ಕಂಪ್ಯೂಟರಿಗೆ ಜಾತಿ ಇಲ್ಲ, ಅದು ನಮ್ಮ ಮುಖ ನೋಡಲ್ಲ, ಬಾಗಿಲ ಹೊರಗೆ ನಿಲ್ಲಿಸಲ್ಲ ಅಂದ್ಕೊಂಡಿದ್ದೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದ್ರೆ ಕಾರಣ ಹೇಳದ ಯಂತ್ರ ಮಾಡೋದು ಏನು? ಕಾರಣ ಗೊತ್ತಿರೋರ ಹತ್ತಿರ, ಗೊತ್ತಿದೆ ಅಂತ ಹೇಳ್ಕೊಳ್ಳೋರ ಹತ್ತಿರ ನಮ್ಮನ್ನ ಮತ್ತೆ ಕಳಿಸುತ್ತೆ. ಮೆಸೇಜ್ ಎಷ್ಟು ಮಸುಕಾಗಿರುತ್ತೋ ನಡುವೆ ಕೂತವನ ಅಧಿಕಾರ ಅಷ್ಟು ಜಾಸ್ತಿ. ನೂರು ರೂಪಾಯಿ ಕೊಟ್ರೆ ಸರಿ ಮಾಡಿಸ್ತೀನಿ ಅನ್ನೋನು ಹುಟ್ಟೋದು ಅಲ್ಲೇ.

ರೇಷನ್ ಅಂಗಡಿಗೆ ಬನ್ನಿ. ಬೆರಳಚ್ಚು ಕೊಟ್ಟಾಗ ಆಧಾರ್ ವ್ಯವಸ್ಥೆಯಿಂದ ಬರೋ ಉತ್ತರಕ್ಕೆ ನಂಬರ್‌ಗಳಿವೆ. 300 ಅಂದ್ರೆ ಬೆರಳಚ್ಚು ಹೊಂದಲಿಲ್ಲ. 330 ಅಂದ್ರೆ ಆಧಾರ್ ಇರೋರೇ ತಮ್ಮ ಬಯೋಮೆಟ್ರಿಕ್ ಲಾಕ್ ಮಾಡಿದ್ದಾರೆ. 811 ಅಂದ್ರೆ ಆ ನಂಬರಿಗೆ ಬಯೋಮೆಟ್ರಿಕ್ ಮಾಹಿತಿಯೇ ದಾಖಲೆಯಲ್ಲಿಲ್ಲ. 998 ಅಂದ್ರೆ ಆಧಾರ್ ನಂಬರೇ ಸರಿ ಇಲ್ಲ. ಒಂದೊಂದಕ್ಕೂ ಪರಿಹಾರ ಬೇರೆ. ಮೊದಲನೆಯದಕ್ಕೆ ಕೈ ತೊಳ್ಕೊಂಡು ಇನ್ನೊಂದು ಬೆರಳು ಕೊಡಬಹುದು, ಕಣ್ಣಿನ ಸ್ಕ್ಯಾನ್ ಇದ್ರೆ ಅದನ್ನ ಕೊಡಬಹುದು. ಎರಡನೆಯದಕ್ಕೆ ಲಾಕ್ ತೆಗೀಬೇಕು. ಮೂರನೆಯದಕ್ಕೆ ಆಧಾರ್ ಸೆಂಟರ್‌ಗೇ ಹೋಗಬೇಕು. ನಾಲ್ಕನೆಯದಕ್ಕೆ ನಂಬರ್ ಸರಿಯಾಗಿ ಒತ್ತಿದ್ರೆ ಸಾಕಾಗಬಹುದು. ಆ ತಾಂತ್ರಿಕ ದಾಖಲೆಯಲ್ಲಿ ನಂಬರಿನ ಪಕ್ಕದಲ್ಲೇ, ಜನರಿಗೆ ಏನು ಹೇಳಬೇಕು ಅನ್ನೋ ಸಲಹೆಯನ್ನೂ ಬರೆದಿದ್ದಾರೆ. ಅಂದ್ರೆ ವ್ಯವಸ್ಥೆ ಕಟ್ಟಿದವರಿಗೆ ಇದರ ಅಗತ್ಯ ಗೊತ್ತಿತ್ತು.

ನಮ್ಮ ಅಜ್ಜಿಯ ಕಿವಿಗೆ ಬಿದ್ದದ್ದು ಮಾತ್ರ, "ನಿನ್ ಬೆರಳು ಸರಿ ಇಲ್ಲ, ಹೋಗಜ್ಜಿ." ಅರವತ್ತು ವರ್ಷ ಇನ್ನೊಬ್ಬರ ಗದ್ದೆಯಲ್ಲಿ ಕಳೆ ಕಿತ್ತ ಬೆರಳು. ಸವೆದಿರೋದು ನಿಜ. ಆದ್ರೆ ಅದು ತನ್ನ ತಪ್ಪು ಅಂದ್ಕೊಂಡು ಅಜ್ಜಿ ಮನೆಗೆ ಬಂದು ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ತಿಕ್ತಾ ಇತ್ತು. ಯಂತ್ರಕ್ಕೆ ಅಚ್ಚು ಓದೋಕೆ ಆಗಲಿಲ್ಲ ಅನ್ನೋದಕ್ಕೂ, ನಿನ್ನ ಬೆರಳು ಸರಿ ಇಲ್ಲ ಅನ್ನೋದಕ್ಕೂ ಎಷ್ಟು ದೂರ ನೋಡಿ. ಮೊದಲನೆಯದು ಯಂತ್ರದ ಮಿತಿ ಹೇಳುತ್ತೆ. ಎರಡನೆಯದು ಮೈಯಲ್ಲಿ ತಪ್ಪು ಹುಡುಕುತ್ತೆ. ಮೈಯಲ್ಲಿ ತಪ್ಪು ಹುಡುಕೋದು ನಮ್ಮ ಜನಕ್ಕೆ ಎಷ್ಟು ತಲೆಮಾರಿನ ಗಾಯ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು, ನರೇಗಾ. 2024ರ ಜನವರಿ 1ರಿಂದ ಕೂಲಿ ಪಾವತಿಗೆ ಆಧಾರ್ ಆಧಾರಿತ ಪದ್ಧತಿ ಕಡ್ಡಾಯ ಮಾಡಿದ್ರು. ಕೂಲಿ ಹಣ ಖಾತೆಗೆ ಬೀಳದೆ ವಾಪಸ್ ಹೋದಾಗ ಬರೋ ಕಾರಣಗಳಲ್ಲಿ 'ಇನ್‌ಆಕ್ಟಿವ್ ಆಧಾರ್' ಅಂತ ಒಂದಿದೆ. ಓದಿದ ಯಾರಿಗಾದ್ರೂ ಏನನ್ಸುತ್ತೆ? ನನ್ನ ಆಧಾರ್ ಸತ್ತುಹೋಗಿದೆ ಅಂತ. ನೇರ ಆಧಾರ್ ಸೆಂಟರ್‌ಗೆ ಓಡ್ತಾರೆ. ಅಲ್ಲಿ ಕಾರ್ಡ್ ಚೆನ್ನಾಗೇ ಇರುತ್ತೆ. ಯಾಕಂದ್ರೆ ಆ ಮಾತಿನ ಅರ್ಥ ಬೇರೆ. ಯಾರ ಆಧಾರ್‌ಗೆ ಯಾವ ಬ್ಯಾಂಕ್ ಅನ್ನೋ ಪಟ್ಟಿಯೊಂದು ಎನ್‌ಪಿಸಿಐ ಹತ್ತಿರ ಇರುತ್ತೆ, ಮ್ಯಾಪರ್ ಅಂತಾರೆ. ಆ ಪಟ್ಟಿಯಲ್ಲಿ ಕೊಂಡಿ ಕಡಿದಿದೆ ಅಂತ ಅದರ ಅರ್ಥ. ಅದನ್ನ ಸರಿ ಮಾಡೋದು ಬ್ಯಾಂಕ್. ಆಧಾರ್ ಸೆಂಟರ್‌ನವರು ಅದನ್ನ ಮುಟ್ಟೋಕೂ ಆಗಲ್ಲ. ಒಂದೇ ಒಂದು ತಪ್ಪು ಪದ, ಜನರನ್ನ ತಪ್ಪು ಬಾಗಿಲಿಗೆ ಕಳಿಸುತ್ತೆ.

ಇದೇ ಜಾಗದಲ್ಲಿ ಎಲ್ಲರೂ ತಿಳ್ಕೊಳ್ಳಿ: ಖಾತೆಗೆ ಆಧಾರ್ ಲಿಂಕ್ ಆಗಿದೆ ಅನ್ನೋದೂ, ಡಿಬಿಟಿಗೆ ಸೀಡಿಂಗ್ ಆಗಿದೆ ಅನ್ನೋದೂ ಒಂದೇ ಅಲ್ಲ. ಲಿಂಕ್ ಅಂದ್ರೆ ಬ್ಯಾಂಕಿನ ಪುಸ್ತಕದಲ್ಲಿ ನಿಮ್ಮ ಆಧಾರ್ ಇದೆ ಅಂತ. ಸೀಡಿಂಗ್ ಅಂದ್ರೆ ಮ್ಯಾಪರ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಆ ಬ್ಯಾಂಕ್ ಇದೆ ಅಂತ. ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕ್, ಕೊನೆಯದಾಗಿ ಎಲ್ಲಿ ಸೀಡಿಂಗ್ ಆಗಿದೆಯೋ ಅದೇ. ಎರಡು ಖಾತೆ ಇರೋರ ದುಡ್ಡು ಇನ್ನೊಂದರಲ್ಲಿ ಬಿದ್ದಿರುತ್ತೆ, ಅವರಿಗೇ ಗೊತ್ತಿರಲ್ಲ. ಯುಐಡಿಎಐ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡ್ಕೊಬಹುದು, ಆಧಾರ್‌ಗೆ ಕೊಟ್ಟ ಮೊಬೈಲ್ ಕೈಲಿರಬೇಕು ಅಷ್ಟೇ.

ಹೆಸರಿನ ವಿಷಯಕ್ಕೆ ಬಂದ್ರೆ ಇದು ನಮ್ಮವರಿಗೇ ಜಾಸ್ತಿ ಬಡಿಯೋದು. ನನ್ನ ಹುಟ್ಟಿದ ತಾರೀಖು ಜೂನ್ 1. ನಮ್ಮ ಅಣ್ಣನದೂ ಜೂನ್ 1. ನಮ್ಮ ಕೇರಿಯ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡಿದ್ದು. ಹೆಸರೂ ಹಾಗೇ. ಅಪ್ಪ ಅವ್ವನಿಗೆ ಓದೋಕೆ ಬರಲ್ಲ, ಬರೆದೋರು ಕಿವಿಗೆ ಕೇಳಿಸಿದ್ದನ್ನ ಬರೆದ್ರು. ಲಕ್ಷ್ಮಿಗೆ ಒಬ್ಬರು ಎಕ್ಸ್ ಹಾಕಿದ್ರು, ಒಬ್ಬರು ಕೆ-ಎಸ್-ಎಚ್ ಹಾಕಿದ್ರು. ನಮ್ಮ ದಾಖಲೆಗಳನ್ನ ನಾವು ಬರೆದಿಲ್ಲ ಬಂಧುಗಳೇ, ಬೇರೆಯವರು ಬರೆದ್ರು. ಅವರ ಕೈತಪ್ಪಿಗೆ ಈಗ ನಮ್ಮ ಮಕ್ಕಳು ಉತ್ತರ ಕೊಡಬೇಕು. ಮನೇಲಿ ಮೂರು ತಲೆಮಾರಿನಿಂದ ಓದಿದವರು ಇದ್ರೆ ಇಂಥ ಕೆಂಪು ಸಾಲು ಬಂದ ತಕ್ಷಣ ಯಾರೋ ಮಾವನಿಗೆ ಫೋನ್ ಮಾಡ್ತಾರೆ. ನಮ್ಮ ಹುಡುಗಿಗೆ ಫೋನ್ ಮಾಡೋಕೆ ಯಾರಿದ್ರು?

ಹಂಗಾದ್ರೆ ಒಳ್ಳೆ ಎರರ್ ಮೆಸೇಜ್ ಬರೆಯೋಕೆ ಸಾಧ್ಯವೇ ಇಲ್ವಾ? ಸಾಫ್ಟ್‌ವೇರ್‌ನವರಿಗೆ ಚೆನ್ನಾಗಿ ಬರುತ್ತೆ. ತಮಗೋಸ್ಕರ ಬರ್ಕೊಂಡಾಗ! ಯುನಿಕ್ಸ್‌ನ ಹಳೇ ಕಾಲದಲ್ಲಿ 'ಎಡ್' ಅಂತ ಒಂದು ಎಡಿಟರ್ ಇತ್ತು. ಏನು ತಪ್ಪು ಮಾಡಿದ್ರೂ ಅದು ಕೊಡೋ ಉತ್ತರ ಒಂದು ಪ್ರಶ್ನಾರ್ಥಕ ಚಿಹ್ನೆ, ಅಷ್ಟೇ. ಪ್ರೋಗ್ರಾಮರ್‌ಗಳೇ ಅದನ್ನ ಇವತ್ತಿಗೂ ಜೋಕ್ ಮಾಡ್ತಾರೆ. ಈಗ ರಸ್ಟ್, ಎಲ್ಮ್ ಥರದ ಭಾಷೆಗಳ ಕಂಪೈಲರ್ ನೋಡಿ. ತಪ್ಪು ಯಾವ ಫೈಲು, ಯಾವ ಸಾಲು ಅಂತ ಹೇಳುತ್ತೆ. ತಪ್ಪಾದ ಪದದ ಕೆಳಗೆ ಗುರುತು ಹಾಕಿ ತೋರಿಸುತ್ತೆ. ನಾನು ಇಂಥದ್ದು ಬರುತ್ತೆ ಅಂದ್ಕೊಂಡಿದ್ದೆ, ಇಂಥದ್ದು ಬಂತು ಅನ್ನುತ್ತೆ. ಎಷ್ಟೋ ಸಲ ಬಹುಶಃ ನೀವು ಬರೆಯೋಕೆ ಹೊರಟಿದ್ದು ಇದೇನಾ ಅಂತ ಸರಿಯಾದ ಪದವನ್ನೂ ತೋರಿಸುತ್ತೆ. ಲಕ್ಷ ಲಕ್ಷ ಸಂಬಳದ ಇಂಜಿನಿಯರ್‌ಗೆ ಅಷ್ಟು ಮರ್ಯಾದೆ. ಪೌರಕಾರ್ಮಿಕೆಯ ಮಗಳಿಗೆ ಡೇಟಾ ಮಿಸ್‌ಮ್ಯಾಚ್.

ಆ ಹುಡುಗಿಗೆ ಬರಬೇಕಾಗಿದ್ದ ಮೆಸೇಜ್ ನಾನು ಅವತ್ತೇ ಒಂದು ಹಾಳೆ ಮೇಲೆ ಬರೆದು ನೋಡ್ದೆ. ಹೀಗಿತ್ತು:

"ನಿಮ್ಮ ಅರ್ಜಿ ಇನ್ನೂ ಸಲ್ಲಿಕೆಯಾಗಿಲ್ಲ. ಜಾತಿ ಪ್ರಮಾಣಪತ್ರದಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸವಿದೆ. ಎರಡೂ ಹೆಸರು ಕೆಳಗಿವೆ, ನೋಡಿ. ಪ್ರಮಾಣಪತ್ರದಲ್ಲಿ ತಪ್ಪಿದ್ದರೆ ಅದನ್ನು ಕೊಟ್ಟ ಕಚೇರಿಯಲ್ಲಿ ತಿದ್ದುಪಡಿಗೆ ಅರ್ಜಿ ಕೊಡಿ. ಆಧಾರ್ ಬದಲಾಯಿಸುವ ಅಗತ್ಯವಿಲ್ಲ. ನೀವು ತುಂಬಿದ ಮಾಹಿತಿ ಉಳಿದಿದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಸಹಾಯವಾಣಿಯಲ್ಲಿ ಕೇಳಿದರೆ ಇದನ್ನೇ ಹೇಳಿ."

ಓದೋಕೆ ಅರ್ಧ ನಿಮಿಷ. ಇದು ಬಂದಿದ್ರೆ ಆರು ಬಾಗಿಲು ಒಂದು ಬಾಗಿಲಾಗ್ತಿತ್ತು. ನಾಲ್ಕು ದಿನದ ಕೂಲಿ ಉಳೀತಿತ್ತು. ಆಧಾರ್‌ನ ಒಂದು ಅವಕಾಶ ಉಳೀತಿತ್ತು.

ಸೆಕ್ಯುರಿಟಿ ಕಾರಣಕ್ಕೆ ವಿವರ ಕೊಡೋ ಹಾಗಿಲ್ಲ ಅಂತ ಕೆಲವು ಗೆಳೆಯರು ವಾದ ಮಾಡ್ತಾರೆ. ಪೂರ್ತಿ ಸುಳ್ಳಲ್ಲ. ಲಾಗಿನ್ ಆಗುವಾಗ ಯೂಸರ್ ಐಡಿ ತಪ್ಪಾ ಪಾಸ್‌ವರ್ಡ್ ತಪ್ಪಾ ಅಂತ ಬಿಡಿಸಿ ಹೇಳಬಾರದು, ಕಳ್ಳನಿಗೆ ಅರ್ಧ ಕೆಲಸ ಮಾಡಿಕೊಟ್ಟಂಗೆ ಆಗುತ್ತೆ. ಡೇಟಾಬೇಸ್ ಹೆಸರು, ಸರ್ವರ್ ದಾರಿ ಇವನ್ನೆಲ್ಲ ಪರದೆ ಮೇಲೆ ಸುರೀಬಾರದು. ಬೇರೆಯವರ ಮಾಹಿತಿ ತೋರಿಸಬಾರದು. ಸರಿ. ಆದ್ರೆ ಒಟಿಪಿ ಕೊಟ್ಟು ತನ್ನ ಖಾತೆಯೊಳಗೆ ಬಂದು ಕೂತಿರೋ ಹುಡುಗಿಗೆ ಅವಳದೇ ಸರ್ಟಿಫಿಕೇಟಿನ ಅವಳದೇ ಹೆಸರು ತೋರಿಸಿದ್ರೆ ಯಾರ ಸೆಕ್ಯುರಿಟಿ ಹೋಗುತ್ತೆ? ತಮಾಷೆ ನೋಡಿ, ಇಲ್ಲಿ ಒಳಗಿನ ಉತ್ತರವನ್ನ ಬ್ರೌಸರ್‌ಗೆ ಕಳಿಸಿಯೂ ಆಗಿತ್ತು. ಎಫ್ 12 ಗೊತ್ತಿರೋನಿಗೆ ಎಲ್ಲಾ ಕಾಣ್ತಿತ್ತು. ಬಚ್ಚಿಟ್ಟದ್ದು ಅರ್ಜಿ ಹಾಕಿದವಳಿಂದ ಮಾತ್ರ.

ಇದು ದಯೆ ದಾಕ್ಷಿಣ್ಯದ ಮಾತಲ್ಲ, ಹಕ್ಕಿನ ಮಾತು. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 4(1)(ಡಿ) ಓದಿ. ಸಾರ್ವಜನಿಕ ಪ್ರಾಧಿಕಾರ ತನ್ನ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನ ಬಾಧಿತರಿಗೆ ಒದಗಿಸಬೇಕು ಅಂತಿದೆ. ಕೇಳಿದ್ರೆ ಮಾತ್ರ ಅಂತಲ್ಲ, ತಾನಾಗೇ ಒದಗಿಸಬೇಕು. 1977ರಲ್ಲಿ ಮನೇಕಾ ಗಾಂಧಿ ಅವರ ಪಾಸ್‌ಪೋರ್ಟ್ ಜಪ್ತಿ ಮಾಡಿದಾಗ ಸರ್ಕಾರ ಕಾರಣ ಹೇಳೋಕೆ ಒಪ್ಪಲಿಲ್ಲ. ಅವರು ಸುಪ್ರೀಂ ಕೋರ್ಟ್‌ಗೆ ಹೋದ್ರು. 1978ರಲ್ಲಿ ಬಂದ ಆ ತೀರ್ಪು, ಸ್ವಾತಂತ್ರ್ಯ ಕಸಿಯುವ ಯಾವುದೇ ಕಾರ್ಯವಿಧಾನ ನ್ಯಾಯಯುತವಾಗಿರಬೇಕು ಅಂತ ಸಾರಿದ ದೊಡ್ಡ ತೀರ್ಪು. ಅಧಿಕಾರಿ ಕೈಲಿ ಬರೆದ ತಿರಸ್ಕಾರಕ್ಕೆ ಕಾರಣ ಬೇಕು ಅಂತಾದ್ರೆ, ಅದೇ ಅಧಿಕಾರಿಯ ಪರವಾಗಿ ಕಂಪ್ಯೂಟರ್ ಬರೆದ ತಿರಸ್ಕಾರಕ್ಕೆ ಯಾಕೆ ಬೇಡ? ಆ ಕೆಂಪು ಸಾಲೂ ಒಂದು ಆದೇಶವೇ.

ಇನ್ನು ಈ ಸ್ಕಾಲರ್‌ಶಿಪ್ ಅನ್ನೋದು ಯಾರೋ ಕೊಟ್ಟ ಭಿಕ್ಷೆ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಇತಿಹಾಸ ನೋಡಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದ ಕಾಲದಲ್ಲಿ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅದರ ಹೊಸ ರೂಪಕ್ಕೆ ಒಪ್ಪಿಗೆ ಕೊಡ್ತು. ಕೇಂದ್ರ 60, ರಾಜ್ಯ 40ರ ಪಾಲು, ಹಣ ನೇರ ವಿದ್ಯಾರ್ಥಿಯ ಖಾತೆಗೆ. ಒಳ್ಳೇದೇ. ಹಣ ನೇರ ಬರುತ್ತೆ ಅಂದ್ರೆ, ಬರದೇ ಹೋದಾಗ ಅದರ ಕಾರಣವೂ ನೇರ ಬರಬೇಕಲ್ವಾ?

ಹುಡುಗಿ ಏನಾದ್ಲು ಅಂತ ಕೇಳ್ತೀರಿ. ಸರ್ಟಿಫಿಕೇಟ್ ತಿದ್ದುಪಡಿಗೆ ಹಾಕಿದ್ವಿ. ಮೂರು ವಾರ ಹಿಡೀತು. ಅಷ್ಟರಲ್ಲಿ ಕೊನೆ ದಿನಾಂಕ ಮುಗಿದಿತ್ತು. ಆ ವರ್ಷದ ಸ್ಕಾಲರ್‌ಶಿಪ್ ಹೋಯ್ತು. ಫೀಸ್ ಕಟ್ಟದೆ ಹಾಲ್ ಟಿಕೆಟ್ ಕೊಡಲ್ಲ ಅಂದ್ರು. ಸಂಘದವರು, ನಿಮ್ಮಲ್ಲೂ ಕೆಲವರು, ಸೇರಿ ದುಡ್ಡು ಹಾಕಿದ್ವಿ. ಅವ್ವ ಕಿವಿಯ ಓಲೆ ಅಡ ಇಟ್ಲು. ಪರೀಕ್ಷೆ ಬರೆದ್ಲು, ಪಾಸಾದ್ಲು. ಮುಂದಿನ ವರ್ಷದ ಅರ್ಜಿ ಹತ್ತೇ ನಿಮಿಷದಲ್ಲಿ ಹೋಯ್ತು. ಓಲೆ ಮಾತ್ರ ಇನ್ನೂ ಬಿಡಿಸ್ಕೊಂಡಿಲ್ಲ.

ಅದೇ ತಿಂಗಳು ನಮ್ಮ ಟೇಬಲ್‌ಗೆ ಇನ್ನೊಬ್ಬ ಹುಡುಗನೂ ಬಂದಿದ್ದ, ಡಿಪ್ಲೊಮಾ ಓದ್ತಿದ್ದ. ಅವನಿಗೂ ಅದೇ ಕೆಂಪು ಸಾಲು. ಅವತ್ತು ಜನ ಜಾಸ್ತಿ, ಮುಂದಿನ ಭಾನುವಾರ ಬಾರಪ್ಪ ಅಂದೆ. ಬರಲಿಲ್ಲ. ಈಗ ಬೊಮ್ಮಸಂದ್ರದ ಕಡೆ ಗೋಡೌನಲ್ಲಿ ಪ್ಯಾಕಿಂಗ್ ಕೆಲಸ ಮಾಡ್ತಾನೆ ಅಂತ ಅವನ ತಮ್ಮ ಹೇಳಿದ. "ನಾಳೆ ಬಾ" ಅಂದವರ ಸಾಲಿನಲ್ಲಿ ನನ್ನ ಹೆಸರೂ ಇದೆ. ಈ ಪೋಸ್ಟ್ ಬರೆಯೋಕೆ ನಿಜವಾದ ಕಾರಣ ಅವನು.

ಈಗ ಕೆಲಸದ ಮಾತು.

ಸಹಾಯ ಟೇಬಲ್ ಹಾಕೋ ಸಂಗಾತಿಗಳಿಗೆ: ಎರರ್ ಬಂದಾಗ ತಕ್ಷಣ ಸ್ಕ್ರೀನ್‌ಶಾಟ್ ತೆಗೀರಿ, ತಾರೀಖು, ಸಮಯ, ಅರ್ಜಿ ನಂಬರ್ ಬರ್ಕೊಳ್ಳಿ. ಕಾರಣ ಗೊತ್ತಾಗೋವರೆಗೂ ಆಧಾರ್‌ನಲ್ಲಿ ಏನನ್ನೂ ಬದಲಾಯಿಸಬೇಡಿ, ಊಹೆ ಮೇಲಂತೂ ಬೇಡವೇ ಬೇಡ. ಎಲ್ಲಾ ದಾಖಲೆಗಳ ಇಂಗ್ಲಿಷ್ ಹೆಸರನ್ನ ಒಂದು ಹಾಳೆ ಮೇಲೆ ಒಂದರ ಕೆಳಗೆ ಒಂದು, ಅಕ್ಷರ ಅಕ್ಷರ ಬಿಡಿಸಿ ಬರೀರಿ. ಅರ್ಧ ತಪ್ಪುಗಳು ಅಲ್ಲೇ ಸಿಗ್ತವೆ. ಸಿಗದೇ ಇದ್ರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಈ ನಂಬರಿನ ಅರ್ಜಿ ಯಾವ ಎರಡು ದಾಖಲೆಗಳ ಯಾವ ಮಾಹಿತಿ ಹೊಂದದ ಕಾರಣ ನಿಂತಿದೆ, ತಿಳಿಸಿ. ಇಷ್ಟೇ ಸಾಕು. ಒಬ್ಬೊಬ್ಬರೇ ಅಲ್ಲ, ತಾಲ್ಲೂಕಿನ ಎಲ್ಲಾ ಸ್ಕ್ರೀನ್‌ಶಾಟ್ ಒಟ್ಟಿಗೆ ಸೇರಿಸಿ ಮನವಿ ಕೊಡಿ. ಕನ್ನಡದಲ್ಲಿ, ಯಾವ ಮಾಹಿತಿ ತಪ್ಪು, ಎಲ್ಲಿ ಸರಿಪಡಿಸಬೇಕು ಅಂತ ಮೆಸೇಜ್ ಬರಬೇಕು ಅನ್ನೋದನ್ನ ಬೇಡಿಕೆಯಾಗಿ ಬರೀರಿ. ವಿದ್ಯಾರ್ಥಿಯ ತಪ್ಪಿಲ್ಲದೆ ಅರ್ಜಿ ನಿಂತಿದ್ರೆ ಅವರಿಗೆ ಕೊನೆ ದಿನಾಂಕ ಮುಂದಕ್ಕೆ ಹೋಗಬೇಕು ಅಂತಲೂ ಸೇರಿಸಿ.

ಐಟಿಯಲ್ಲಿರೋ ತಮ್ಮಂದಿರೇ, ತಂಗಿಯರೇ: ಮೀಸಲಾತಿ, ಸ್ಕಾಲರ್‌ಶಿಪ್, ಹಾಸ್ಟೆಲ್ ದಾಟ್ಕೊಂಡು ಆ ಕುರ್ಚಿವರೆಗೂ ಹೋಗಿದ್ದೀರಿ. ನೀವು ಕೂತಿರೋ ಕೋಣೆಯಲ್ಲಿ ನಮ್ಮ ಕೇರಿಯ ಅವ್ವನ ಬಗ್ಗೆ ಗೊತ್ತಿರೋದು ನಿಮಗೊಬ್ಬರಿಗೇ ಇರಬಹುದು. ಮ್ಯಾನೇಜರ್ "ಜನರಿಕ್ ಮೆಸೇಜ್ ಹಾಕು" ಅಂದಾಗ ಒಂದು ಸಲ ಬಾಯಿ ತೆಗೀರಿ. ಏನಾಯ್ತು, ಯಾವ ಜಾಗದಲ್ಲಿ, ಯಾಕೆ, ಈಗ ಏನು ಮಾಡಬೇಕು, ಯಾರನ್ನ ಕೇಳಬೇಕು. ಈ ಐದಕ್ಕೂ ಉತ್ತರ ಇಲ್ಲದೆ ಆ ಕೆಲಸ ಮುಗೀತು ಅಂತ ಟಿಕ್ ಹಾಕಬೇಡಿ. ಲಾಗ್‌ಗೆ ಬರೆಯೋ ವಿವರದಲ್ಲಿ ಅರ್ಜಿ ಹಾಕಿದವರಿಗೆ ಸೇರಬೇಕಾದದ್ದನ್ನ ಅವರಿಗೆ ಕೊಡಿ. ಸಹಾಯವಾಣಿಯವರಿಗೆ ಹುಡುಕೋಕೆ ಆಗೋ ಹಾಗೆ ಪ್ರತಿ ಎರರ್‌ಗೂ ಒಂದು ನಂಬರ್ ಕೊಡಿ. ಕನ್ನಡದಲ್ಲಿ ಬರೀರಿ, ನಿಮ್ಮ ಅವ್ವನಿಗೆ ಓದಿ ಹೇಳಿ, ಅರ್ಥ ಆಯ್ತಾ ಅಂತ ಕೇಳಿ. ಅದಕ್ಕಿಂತ ದೊಡ್ಡ ಟೆಸ್ಟಿಂಗ್ ಇಲ್ಲ.

ಕಳೆದ ಭಾನುವಾರ ಆ ಹುಡುಗಿ ಮತ್ತೆ ಭವನಕ್ಕೆ ಬಂದಿದ್ಲು. ಈ ಸಲ ಟೇಬಲ್‌ನ ಈಚೆ ಬದಿ, ನನ್ನ ಪಕ್ಕದ ಕುರ್ಚಿ. ಪಿಯುಸಿ ಹುಡುಗನೊಬ್ಬ ಫೋನ್ ಚಾಚಿ, "ಅಕ್ಕಾ, ಅಡ್ಮಿನ್‌ನ ಕೇಳಿ ಅಂತ ಬರ್ತಿದೆ" ಅಂದ.

"ಕೂತ್ಕೋ" ಅಂದ್ಲು. ಹಾಳೆ ತಗೊಂಡು ಅವನ ಹೆಸರನ್ನ ಒಂದೊಂದೇ ಅಕ್ಷರ ಬಿಡಿಸಿ ಬರೆಯೋಕೆ ಶುರು ಮಾಡಿದ್ಲು.

ಬರುವ ಭಾನುವಾರವೂ ಟೇಬಲ್ ಇರುತ್ತೆ. ಎರಡು ಲ್ಯಾಪ್‌ಟಾಪ್ ಬೇಕಾಗಿದೆ, ಹಳೇದಾದ್ರೂ ಪರವಾಗಿಲ್ಲ. ಬರೋಕೆ ಆಗೋರು ಬನ್ನಿ. ಆಗದೇ ಇರೋರು ನಿಮ್ಮ ಊರಲ್ಲೇ ಒಂದು ಟೇಬಲ್ ಹಾಕಿ.

ಜೈ ಭೀಮ್.